ತಿರುಗಿ ಕರೆಯದ ರಾಜ

"ಭಾನುವಾರದೊಳಗೆ ಅವನ ಕಬ್ಬಿಣವನ್ನ ಅರ್ಧ ಬೆಲೆಗೆ ಎಳ್ಕೊಂಡು ಬರದಿದ್ರೆ ನಾನು ಇಂದುಧರನೇ ಅಲ್ಲ!"

ಅರಸೀಕೆರೆಯ ಆ ಪುಟ್ಟ ಮನೆಯಲ್ಲಿ ಹೀಗೊಂದು ಘೋರ ಪ್ರತಿಜ್ಞೆ ಮೊಳಗಿತು. ಕೇಳಿಸಿಕೊಂಡವಳು ಹೆಂಡತಿ ಮಾಲಿನಿ ಒಬ್ಬಳೇ. "ಅವನು" ಎಂದರೆ ಕಂಪ್ಯೂಟರಿನೊಳಗಿನ ರಾಜ.

ಎರಡು ಸಾವಿರದ ಇಸವಿ ದಾಟಿದ ಹೊಸತು. ಆಗ ಕಂಪ್ಯೂಟರಿಗೆ ಹೊಸ ಅಳಿಯನ ಮರ್ಯಾದೆ. ಮಾಲಿನಿ ಕಸೂತಿ ಹಾಕಿದ ಹೊದಿಕೆ, ಬಿಸಿಲು ತಾಗದ ಮೂಲೆ, ಚಪ್ಪಲಿ ಬಿಟ್ಟೇ ಹತ್ತಿರ ಹೋಗಬೇಕು! ಅದರಲ್ಲೊಂದು ರಾಜ್ಯ ಕಟ್ಟುವ ಆಟ. ಇಂದುಧರ ಒಬ್ಬ ರಾಜ. ಪಕ್ಕದ ರಾಜನ ಪರವಾಗಿ ಆಡುವುದು ಕಂಪ್ಯೂಟರ್. ಇಂದುಧರನ ನಾಡಿನಲ್ಲಿ ಮೆಣಸು ರಾಶಿ ರಾಶಿ, ಕಬ್ಬಿಣ ಮಾತ್ರ ಚೂರೂ ಇಲ್ಲ. ಕತ್ತಿ ಬೇಕೆಂದರೆ ಪಕ್ಕದವನ ಜೊತೆ ವ್ಯಾಪಾರ ಕುದುರಿಸಬೇಕು.

ಚೌಕಾಸಿಯಲ್ಲಿ ಇಂದುಧರ ಸಂತೆಗೇ ಚಕ್ರವರ್ತಿ. ಹೇಳಿದ್ದರಲ್ಲಿ ಅರ್ಧ ಕೇಳುವುದು, "ಬೇಡ ಬಿಡಪ್ಪ" ಎಂದು ಬೆನ್ನು ತಿರುಗಿಸಿ ಹೊರಡುವುದು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ "ಬನ್ನಿ ಸಾರ್, ತಗೊಂಡೋಗಿ" ಎಂಬ ಕರೆ ಬರಲೇಬೇಕು. ಕುಂಬಳಕಾಯಿಯಿಂದ ಕುಕ್ಕರಿನವರೆಗೆ ಆ ಮನೆಗೆ ಬಂದದ್ದೆಲ್ಲ ಹೀಗೆಯೇ.

ಮಾಲಿನಿಯ ಬೇಲೂರು ಪ್ರವಾಸವೂ ಈ ಚೌಕಾಸಿಗೆ ಸಿಕ್ಕಿ ಸವೆದಿತ್ತು. ಮದುವೆಯಾದ ಹೊಸತರಲ್ಲಿ ಬೇಲೂರು, ಹಳೇಬೀಡು ಎರಡೂ ತೋರಿಸುತ್ತೇನೆಂದು ಮಾತು ಕೊಟ್ಟಿದ್ದ. ಆಮೇಲೆ ಅದು ಹಳೇಬೀಡು ಮಾತ್ರ ಎಂದಾಯಿತು, ಆಮೇಲೆ ಮುಂದಿನ ವರ್ಷ ಎಂದಾಯಿತು, ಕೊನೆಗೆ ಕ್ಯಾಲೆಂಡರಿನ ಶಿಲಾಬಾಲಿಕೆಯ ಚಿತ್ರಕ್ಕೆ ಬಂದು ನಿಂತಿತು. ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಸಿಗುವ ಊರು! ಗಂಡನ ಪಕ್ಕ ನಿಂತು ಆ ಶಿಲಾಬಾಲಿಕೆಯರನ್ನು ಕಣ್ತುಂಬ ನೋಡಬೇಕೆಂಬುದು ಅವಳ ಆಸೆ. ಅದನ್ನು ಕುಂಬಳಕಾಯಿಯಂತೆ ಚೌಕಾಸಿ ಮಾಡಿದ್ದು ಅವಳಿಗೆ ಬೇಸರ ತಂದಿತ್ತು.

"ಸೋತ್ರೆ?" ಎಂದಳು.

"ಸೋತ್ರೆ ಭಾನುವಾರ ಬೇಲೂರು! ಚೌಕಾಸಿ ಇಲ್ಲ!"

ಶನಿವಾರ ಮಧ್ಯಾಹ್ನ ಯುದ್ಧ ಶುರುವಾಯಿತು. ಇಂದುಧರ ಒಂದು ಚೀಲ ಮೆಣಸು ಮುಂದಿಟ್ಟು ಕಬ್ಬಿಣ ಕೇಳಿದ. "ಇದು ನಮಗೆ ಅವಮಾನ" ಎಂದು ರಾಜ ಇಂಗ್ಲಿಷಿನಲ್ಲಿ ಗುರುಗುಟ್ಟಿದ. "ನೋಡ್ದೇನೇ, ಬಿಸಿ ತಟ್ಟಿತು!" ಎಂದು ಇಂದುಧರ ಅರ್ಧ ಚೀಲಕ್ಕಿಳಿದ. ರಾಜನ ಮುಖ ಕೆಂಪಾಯಿತು. ಮೆಣಸಿನ ಜೊತೆ ಒಂದು ಊರನ್ನೂ ಕೊಡು ಎಂದ!

"ಬೇಡ ಬಿಡಯ್ಯ!" ಇಂದುಧರ ಪರದೆಗೆ ಬೆನ್ನು ತಿರುಗಿಸಿ ಜಗಲಿಗೆ ಬಂದು ಕೂತ. ಕಿವಿ ಮಾತ್ರ ಒಳಗೇ ಇತ್ತು.

"ಇಲ್ಯಾಕ್ರೀ ಕೂತಿದೀರಾ?"

"ಶ್! ಈಗ ಕರೀತಾನೆ."

"ಯಾರು?"

"ರಾಜ ಕಣೇ!"

"ಅಲ್ರೀ, ಅವನಿಗೇನು ಸಂಜೆ ಅಂಗಡಿ ಎತ್ತಬೇಕಾ? ಕೊನೇ ಬಸ್ಸಿಗೆ ಮಾದಿಹಳ್ಳಿಗೆ ಹೋಗ್ಬೇಕಾ?"

ಇದು ಇಂದುಧರನಿಗೆ ಹೊಳೆದೇ ಇರಲಿಲ್ಲ. ಒಳಗೆ ಹೋಗಿ ನೋಡಿದ. ರಾಜ ಹಾಗೇ ನಿಂತಿದ್ದ, ಹಸಿವಿಲ್ಲ, ಆಕಳಿಕೆಯಿಲ್ಲ. ಇನ್ನೂ ದೂರ ಹೋದರೆ ಹೆದರಬಹುದೆಂದು ಈ ಸಲ ಟೀ ಅಂಗಡಿಯವರೆಗೆ ನಡೆದ!

ಬಂದು ನೋಡಿದರೆ ಕುರ್ಚಿಯಲ್ಲಿ ಮಾಲಿನಿ. ಪರದೆಯ ಮೇಲೆ ರಾಜ ಹಲ್ಲು ಕಿರಿಯುತ್ತಿದ್ದಾನೆ. ಉಗ್ರಾಣದ ತುಂಬ ಕಬ್ಬಿಣ!

"ಏನೇ ಮಾಡ್ದೆ?"

"ಏನಿಲ್ಲ. ಕೊಳೀತಾ ಬಿದ್ದಿದ್ದ ಮೆಣಸನ್ನ ಸುಮ್ನೆ ಕಳಿಸ್ದೆ. ಪಕ್ಕದ್ಮನೆ ಶಿವಗಂಗಮ್ಮನಿಗೆ ಅಂಗಳದ ಕರಿಬೇವು ಕೊಡಲ್ವಾ, ಹಾಗೆ. ಇನ್ನೊಂದ್ಸಲ ಕಳಿಸ್ದೆ, ಮುಖ ಅರಳ್ತು. ಆಮೇಲೆ ಕಬ್ಬಿಣ ಕೇಳ್ದೆ, ಕೊಟ್ಟ."

"ಕಬ್ಬಿಣ ಬಂತಲ್ಲ! ಅಂದ್ಮೇಲೆ ನಾನು ಗೆದ್ದಂಗೆ!"

"ತಂದೋರು ಯಾರು?"

ಚಕ್ರವರ್ತಿ ಬೇಲೂರಿನ ಬಸ್ಸಿನ ಹೊತ್ತು ಕೇಳಿಕೊಂಡು ಬರಲು ಹೊರಟ.

ಭಾನುವಾರ ಬೆಳಿಗ್ಗೆ ಬಸ್ ಸ್ಟ್ಯಾಂಡು. ಬೇಲೂರಿನ ಬಸ್ಸು ಗುರ್ರೆನ್ನುತ್ತಿತ್ತು. ಮಾಲಿನಿ ಹತ್ತಿ ಕಿಟಕಿ ಪಕ್ಕ ಕೂತಳು. ಆದರೆ ಇಂದುಧರನ ನಾಲಿಗೆ ಸುಮ್ಮನಿರಬೇಕಲ್ಲ! ಕೆಳಗೇ ನಿಂತು, "ಮಾಲಿನಿ, ಬಿಸಿಲು ಜಾಸ್ತಿ. ಇವತ್ತು ಹಳೇಬೀಡು ಮುಗಿಸೋಣ, ಬೇಲೂರು ದೀಪಾವಳಿಗೆ..." ಎಂದು ಶುರು ಮಾಡಿದ.

"ಆಗಲ್ಲ."

"ಹಂಗಾದ್ರೆ ನಾನು ಬರೋದೇ ಇಲ್ಲ!"

ಬೆನ್ನು ತಿರುಗಿಸಿ ಹೊರಟ. ಒಂದು ಹೆಜ್ಜೆ, ಎರಡು, ಮೂರು. ಈಗ ಕರೆಯುತ್ತಾಳೆ! ನಾಲ್ಕು. ಕೇಳಿಸಿದ್ದು ಕಂಡಕ್ಟರನ ಸೀಟಿ. ತಿರುಗಿದರೆ ಬಸ್ಸು ಗೇಟಿನ ಹತ್ತಿರವಿದೆ! ಇಂದುಧರ ಪಂಚೆ ಎತ್ತಿ ಕಟ್ಟಿ ಓಡಿದ. ಕಂಡಕ್ಟರ್ ರಟ್ಟೆ ಹಿಡಿದು ಒಳಗೆಳೆದುಕೊಂಡ.

"ಒಂದ್ಮಾತು ಕರೀಬಾರ್ದೇನೇ?" ಏದುಸಿರು ಬಿಡುತ್ತ ಕೇಳಿದ.

ಮಾಲಿನಿ ಸರಿದು ಜಾಗ ಕೊಟ್ಟಳು. "ರಾಜನಿಗೆ ಎರಡೇ ಸಲ ಮೆಣಸು ಕೊಟ್ಟೆ, ಒಲಿದ. ನಿಮಗೆ ಇಷ್ಟು ವರ್ಷ ಕೇಳಿದ್ದೆಲ್ಲ ಕೊಟ್ಟು ನೋಡ್ದೆ, ನೀವು ಒಲೀಲಿಲ್ಲ. ಅದಕ್ಕೇ ಇವತ್ತು ನಾನು ರಾಜನ ಥರ ಸುಮ್ನೆ ಕೂತೆ."

"ಎಲ್ಲಿಗೆ ಸಾರ್?" ಎಂದ ಕಂಡಕ್ಟರ್.

"ಬೇಲೂರು. ಎರಡು!"

ಆ ಕಂಪ್ಯೂಟರ್ ಗುಜರಿ ಸೇರಿ ಎಷ್ಟೋ ಕಾಲವಾಯಿತು. ಅದರ ಜಾಗದ ಮೇಲಿನ ಗೋಡೆಯಲ್ಲಿ ಅವತ್ತಿನ ಫೋಟೋ ಇದೆ: ಶಿಲಾಬಾಲಿಕೆಯ ಕೆಳಗೆ ನಗುತ್ತಿರುವ ಮಾಲಿನಿ, ಪಕ್ಕದಲ್ಲಿ ಕೂದಲು ಕೆದರಿಕೊಂಡ ಇಂದುಧರ. ಎಂಥ ಚೆಂದದ ದಿನ ಅದು! ಈಗಲೂ ಮಾತಿಗೆ ಮಾತು ಬೆಳೆದರೆ ಅವನು ಬೆನ್ನು ತಿರುಗಿಸಿ ಜಗಲಿಯವರೆಗೆ ಹೋಗುತ್ತಾನೆ. ಯಾರೂ ಕರೆಯುವುದಿಲ್ಲ. ಸ್ವಲ್ಪ ಹೊತ್ತು ಕೂತಿದ್ದು ತಾನೇ ಒಳಗೆ ಬರುತ್ತಾನೆ. ಬರುವಾಗ, ಕೇಳದಿದ್ದರೂ, ಅಂಗಳದಿಂದ ಒಂದು ಹಿಡಿ ಕರಿಬೇವು ಕಿತ್ತು ತರುತ್ತಾನೆ.