ಬ ಅಂದ್ರ ಬಕರಿ

ಒಂದನೇ ತರಗತಿಗೆ ಪಾಠ ಮಾಡುವವರಿಗೆ ಒಂದು ಭ್ರಮೆ ಬೇಗ ಅಂಟಿಕೊಳ್ಳುತ್ತದೆ: ಅಕ್ಷರಗಳನ್ನೆಲ್ಲ ಹುಟ್ಟಿಸಿದ್ದು ತಾವೇ ಎಂಬ ಭ್ರಮೆ. ನನಗೂ ಅಂಟಿತ್ತು. 'ಅ' ಬರೆಸುವುದು, ಅಳಿಸುವುದು, ಮತ್ತೆ ಬರೆಸುವುದು. ಮಗು ಅತ್ತರೂ ಚಿಂತೆಯಿಲ್ಲ, ಅದು 'ಅ' ಎಂದೇ ಅಳುತ್ತದಾದ್ದರಿಂದ ಪಾಠ ಸಾಗುತ್ತಿದೆ ಎಂದುಕೊಳ್ಳುವುದು. ಕಾರಟಗಿ ಹತ್ತಿರದ ಒಂದು ಹಳ್ಳಿಯಲ್ಲಿ ಹೀಗೆ ಹನ್ನೊಂದು ವರ್ಷ ಸುಖವಾಗಿದ್ದೆ. ಕೊಪ್ಪಳ ಜಿಲ್ಲೆಯಾಗಿ ನಾಲ್ಕೈದು ವರ್ಷವಾಗಿದ್ದಾಗ ನನ್ನನ್ನು ಅಲ್ಲಿಗೆ ಐದು ದಿನದ ತರಬೇತಿಗೆ ಕಳಿಸಿದರು. ಮಕ್ಕಳಿಗೆ ಮೊದಲು ಅಕ್ಷರವಲ್ಲ, ಶಬ್ದದ, ಅಂದರೆ ಕಿವಿಗೆ ಕೇಳುವ ದನಿಯ, ರುಚಿ ಹತ್ತಿಸಬೇಕು, ಅದೂ ಆಟದಲ್ಲಿ ಎಂದು ತೋರಿಸಲು ಒಬ್ಬ ಎಳೆಯ ತರಬೇತುದಾರ ನಲವತ್ತು ಜನ ಶಿಕ್ಷಕರನ್ನು ಕಪ್ಪೆಗಳ ಹಾಗೆ ಕುಪ್ಪಳಿಸುವಂತೆ ಮಾಡಿದ. 'ಪ' ಅಂದರೆ ಮುಂದಕ್ಕೆ, 'ಬ' ಅಂದರೆ ಹಿಂದಕ್ಕೆ. ನಾನು ಹಿಂದಕ್ಕೆ ಹಾರಿ ಕುಷ್ಟಗಿಯ ಒಬ್ಬ ಹಿರಿಯ ಮಾಸ್ತರರ ಕಾಲು ತುಳಿದೆ. ಅವರು ಕೂಗಿದ್ದು ಯಾವ ಅಕ್ಷರದಲ್ಲಿ ಎಂದು ಇಲ್ಲಿ ಬರೆಯುವಂತಿಲ್ಲ.

ಊರಿಗೆ ಮರಳಿದಾಗ ನನಗೆ ಶಬ್ದದ ಜ್ವರವೇ ಬಂದಿತ್ತು. ಬೆಳಿಗ್ಗೆ ಯಜಮಾನರು ಚಹಾ ಕೇಳಿದರೆ, "ಮೊದಲನೇ ಶಬ್ದ ಯಾವುದು ಹೇಳ್ರಿ, ಆಮ್ಯಾಲೆ ಕೊಡ್ತೀನಿ" ಅಂದೆ. "ಚ," ಅಂದರು ಅವರು. "ಎರಡನೇದು ಹ. ಮೂರನೇದು ನಾನs ಮಾಡ್ಕೋತೀನಿ ಬಿಡು."

ಶಾಲೆಯಲ್ಲಿ ಸೋಲಲಿಲ್ಲ. ದಿನಕ್ಕೊಂದು ಶಬ್ದ, ಆ ಶಬ್ದದಿಂದ ಶುರುವಾಗುವ ಏನನ್ನಾದರೂ ಮಕ್ಕಳು ಮನೆಯಿಂದ ತರಬೇಕು. ಮೊದಲ ದಿನ 'ಕ'. ಕನ್ನಡಿ ಬಂತು, ಕಸಬರಿಗೆ ಬಂತು, ಕತ್ತರಿಗಳೂ ಬಂದವು, ಅವನ್ನು ಮೊದಲು ಕಸಿದು ಕಪಾಟಿನಲ್ಲಿಟ್ಟೆ. ಮಂಜ ಎಂಬ ತುಂಟ ಅವನಜ್ಜನ ಕನ್ನಡಕ ತಂದಿದ್ದ. ಅರ್ಧ ಗಂಟೆಯಲ್ಲಿ ಅಜ್ಜನೇ ಗೋಡೆ ಸವರುತ್ತಾ ಬಂದು, "ಟೀಚರಮ್ಮಾ, ನನ್ನ ಕಣ್ಣು ಕೊಡಸ್ರಿ" ಅಂದ. "ಕಣ್ಣೂ 'ಕ' ರೀ!" ಎಂದು ಇಡೀ ತರಗತಿ ಬೆಂಚಿನ ಮೇಲೆ ಹತ್ತಿ ಕುಣಿಯಿತು. ಅಜ್ಜನೂ ನಕ್ಕ. ಸಂಜೆಯವರೆಗೆ ಕೂತು "ಕ" ಎಂದು ಸಿಕ್ಕದ್ದಕ್ಕೆಲ್ಲ ಕೈ ತೋರಿಸಿ ಹೋದ.

ನಲಿಯದಿದ್ದವಳು ರೇಶ್ಮಾ ಒಬ್ಬಳೇ. ಸೈಕಲ್ ರಿಪೇರಿಯವರ ಮಗಳು, ಮನೆಮಾತು ಉರ್ದು. ಜೂನ್‌ನಿಂದ ಒಂದು ಮಾತೂ ಆಡಿರಲಿಲ್ಲ. ಏನು ಕೇಳಿದರೂ ಲಂಗದ ಅಂಚು ಬಾಯಿಗಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನೋ ಶಬ್ದಶಾಸ್ತ್ರದ ಪಂಡಿತೆ. ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ "ಮಾತು ಬರುವುದಿಲ್ಲ, ಇನ್ನೊಂದು ವರ್ಷ ಇದೇ ತರಗತಿ" ಎಂದು ಕೆಂಪು ಶಾಯಿಯಲ್ಲಿ ಬರೆದುಬಿಟ್ಟಿದ್ದೆ.

'ಬ' ದಿನ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವವರಿದ್ದರು. ಹೆಡ್ ಮಾಸ್ತರರು ಹಿಂದಿನ ದಿನವೇ ಎಚ್ಚರಿಸಿದ್ದರು: "ಟೀಚರ್, ಏನ್ ಬೇಕಾದ್ರೂ ತರಸ್ರಿ, ಜೀವ ಇರೋದು ಮಾತ್ರ ಬ್ಯಾಡ್ರಿ." ನಾನು ಹೂಂ ಅಂದೆ, ಮಕ್ಕಳಿಗೆ ಹೇಳಲು ಮರೆತೆ. ಸಾಹೇಬರು ಕುರ್ಚಿಯಲ್ಲಿ ಕೂತು ನನ್ನ ರಿಜಿಸ್ಟರ್ ತಿರುವಿಹಾಕುತ್ತಿದ್ದರು. ಮೇಜಿನ ಮೇಲೆ ಬಳೆ, ಬಟ್ಟಲು, ಬದನೆಕಾಯಿ ಶಿಸ್ತಾಗಿ ಸಾಲುಗಟ್ಟಿದ್ದವು. ಆಗ ಬಾಗಿಲಲ್ಲಿ ರೇಶ್ಮಾ ಕಾಣಿಸಿದಳು. ಕೈಯಲ್ಲಿ ಹಗ್ಗ, ಹಗ್ಗದ ಇನ್ನೊಂದು ತುದಿಗೆ ಕಪ್ಪನೆಯದೊಂದು ಆಡು.

"ಇದು ಯಾರ ಅಡ್ಮಿಷನ್ರಿ?" ಅಂದರು ಸಾಹೇಬರು.

ಮಂಜ ಎದ್ದು ನಿಂತ. "ಟೀಚರ್, ಅದು ಆಡು ಐತ್ರೀ! 'ಆ' ದಿನ ತರಬೇಕಿತ್ರೀ!" ಎಲ್ಲರೂ "ಆಡು, ಆಡು" ಎಂದು ಒದರತೊಡಗಿದರು. ರೇಶ್ಮಾಳ ಬಾಯಿಂದ ಲಂಗದ ಅಂಚು ಜಾರಿತು. ಕಣ್ಣಲ್ಲಿ ನೀರು ತುಂಬಿತು. ಆಮೇಲೆ, ಅದು ಎಲ್ಲಿತ್ತೋ ಆ ದನಿ, ಹಂಚು ಹಾರುವ ಹಾಗೆ ಬಂತು: "ಬಕರಿ! ನಮ್ಮನ್ಯಾಗ ಇದಕ್ಕ ಬಕರೀನs ಅಂತಾರ! 'ಬ' ಐತಿ, ಇಲ್ಲೋ? ಹೇಳ್ರಿ ಟೀಚರ್!"

ಮಕ್ಕಳೆಲ್ಲ ನನ್ನ ಕಡೆ ತಿರುಗಿದರು. ಆಡಿಗೆ ಮಾತ್ರ ಬೇರೆ ಕೆಲಸವಿತ್ತು. ನಾನು ಒಂದು ವಾರ ಕೂತು ಬರೆದಿದ್ದ ಅಕ್ಷರಮಾಲೆಯ ಪಟವನ್ನು ಗೋಡೆಯಿಂದ ಕಿತ್ತು, 'ಅ'ದಿಂದಲೇ ಶುರುಮಾಡಿ ಕ್ರಮ ತಪ್ಪದೆ ಮೇಯುತ್ತಿತ್ತು.

"'ಬ' ಐತಿ," ಅಂದೆ. "ಬರೋಬ್ಬರಿ 'ಬ' ಐತಿ ನನ್ನವ್ವ."

ಆಮೇಲಿನದನ್ನು ಹೇಗೆ ಹೇಳಲಿ! ಮಕ್ಕಳೆಲ್ಲ "ಬ, ಬ, ಬಕರಿ" ಎಂದು ಆಡಿನ ಸುತ್ತ ಕುಣಿದರು, ಆಡು "ಬ್ಯಾ" ಎಂದು ಅನುಮೋದಿಸಿತು, ಪಟ ಬಿಡಿಸಲು ಹೋದ ಹೆಡ್ ಮಾಸ್ತರರ ಅಂಗಿಯ ತುದಿ ಅದರ ಬಾಯಿಗೆ ಸಿಕ್ಕಿತು. ಸಾಹೇಬರು ಕಣ್ಣೊರೆಸಿಕೊಳ್ಳುವಷ್ಟು ನಕ್ಕು, ರಿಜಿಸ್ಟರಿನ ಮೇಲೆ ಬೆರಳಿಟ್ಟರು. "ಈಕಿಗೆ ಮಾತು ಬರೂದಿಲ್ಲ ಅಂತ ಬರದೀರಲ್ರಿ ಟೀಚರ್?"

"ನಿನ್ನೀತನಕ ಬರ್ತಿರಲಿಲ್ರಿ ಸರ್."

"ಆಕಿಗೋ? ನಿಮಗೋ?"

ಆ ಕೆಂಪು ಸಾಲನ್ನು ಅವರ ಎದುರಿಗೇ ಹೊಡೆದುಹಾಕಿದೆ. ಅದನ್ನು ಪಕ್ಕದಲ್ಲೇ ನಿಂತು ನೋಡುತ್ತಿದ್ದ ರೇಶ್ಮಾ ನನ್ನ ಕೈಯಿಂದ ಪೆನ್ನು ಕಿತ್ತುಕೊಂಡು, "ಇದು ಖಲಮ್," ಅಂದಳು. ಮಾತು ಶುರುವಾದ ಮೇಲೆ ನಿಲ್ಲುವ ಲಕ್ಷಣವಿರಲಿಲ್ಲ.

"ಕಲಮ್," ಅಂದೆ.

ತಲೆಯಾಡಿಸಿದಳು. "ಹಂಗಲ್ರಿ. ಗಂಟಲದಾಗಿಂದ. ಖ... ಖಲಮ್."

ನಾನು ಗಂಟಲಿನ ಆಳಕ್ಕೆ ಇಳಿದು ಪ್ರಯತ್ನಿಸಿದೆ. ಕೆಮ್ಮು ಬಂತು. ಇನ್ನೊಮ್ಮೆ ಪ್ರಯತ್ನಿಸಿದೆ. ಆಡು ತಿನ್ನುವುದನ್ನು ನಿಲ್ಲಿಸಿ ನನ್ನನ್ನು ನೋಡಿತು. ರೇಶ್ಮಾ ಬಹಳ ಕನಿಕರದಿಂದ ನನ್ನ ಮೊಣಕೈ ತಟ್ಟಿ, "ಇರ್ಲಿ ಬಿಡ್ರಿ ಟೀಚರ್, ಸಾವಕಾಶ ಬರ್ತೈತಿ," ಅಂದಳು.

ಮುಂದಿನ ಜೂನ್‌ನಲ್ಲಿ ಅವಳು ಎರಡನೇ ತರಗತಿಗೆ ಹೋದಳು. ನಾನು ಇನ್ನೂ ಒಂದನೆಯದರಲ್ಲೇ ಇದ್ದೇನೆ.