ಚನ್ನವೀರನು ಗ್ರಿಲ್ ಪ್ರೋಗ್ರಾಮನ್ನು ನೀಲವ್ವನಿಗೆ ಒಪ್ಪಿಸಿದ ಪರಿ

ತ್ರೇತೆಯಲ್ಲಿ ಬಾಣದಿಂದ, ದ್ವಾಪರದಲ್ಲಿ ಗದೆಯಿಂದ ಗೆಲ್ಲುತ್ತಿದ್ದುದನ್ನು ಮೌಸಿನಿಂದಲೇ ಗೆಲ್ಲಬೇಕಾದ ಈ ಕಲಿಯುಗದಲ್ಲಿ, ಗದಗಿನ ಕಿಟಕಿ ಗ್ರಿಲ್ ಕಾರ್ಖಾನೆಯೊಂದರಲ್ಲಿ, ಚತುಷ್ಕೋಣಚಕ್ರವರ್ತಿಯೂ ತಂತುಜಾಲವಿಶಾರದನೂ ಶೀತಲಚಹಾಪಾನಧುರಂಧರನೂ ಆದ ಚನ್ನವೀರನೆಂಬ ಡಿಸೈನರನಿದ್ದನು. ಎಲೈ ವಾಗ್ದೇವಿಯೇ, ಅವನ ಕಥೆ ಹೇಳುವಷ್ಟು ಹೊತ್ತು ನನ್ನ ನಗುವನ್ನು ತಡೆ.

ಒಂದು ಸಾಲನ್ನೂ ಬರೆಯದೆ, ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆಗಳಿಂದ ಬೆಸೆದು ಅವನೊಂದು ಪ್ರೋಗ್ರಾಮ್ ಕಟ್ಟಿದ್ದನು. ಕಿಟಕಿಯ ಅಳತೆ ಕೊಟ್ಟರೆ, ಯಾವ ಸರಳನ್ನು ಎಷ್ಟುದ್ದ ಕತ್ತರಿಸಬೇಕೆಂದು ಅದು ಹೇಳುತ್ತಿತ್ತು. ಆದರೆ ಅದನ್ನು ನಡೆಸಬಲ್ಲವನು ಅವನೊಬ್ಬನೇ. ಮಿಕ್ಕವರ ಕಣ್ಣಿಗೆ ಅದು ಬೆಕ್ಕು ಆಡಿಬಿಟ್ಟ ನೂಲಿನ ಉಂಡೆ.

ಆದಕಾರಣ ವೀರನಿಗೆ ರಜೆಯೆಂಬುದು ಗಗನಕುಸುಮವಾಗಿತ್ತು. ಹೆಣ್ಣು ನೋಡಲು ಇಳಕಲ್ಲಿಗೆ ಹೊರಟು ಎರಡು ಸಲ ಅರ್ಧದಾರಿಯಿಂದ ಮರಳಿದ್ದನು. ಒಮ್ಮೆ, ಕೌಂಟರ್ ನೋಡಿಕೊಳ್ಳುವ ನೀಲವ್ವ ಸಿಕ್ಕುಬಿದ್ದ ಗೆರೆಗಳನ್ನು ಕಂಡು ಮರುಗಿ, ಒಂದೆರಡನ್ನು ಬಿಡಿಸಿಟ್ಟಳು. ಯಾರದೋ ಬಚ್ಚಲ ಕಿಟಕಿಗೆ ಊರಬಾಗಿಲಿನಷ್ಟು ಗ್ರಿಲ್ ತಯಾರಾಯಿತು. ಇನ್ನೊಮ್ಮೆ ಅವಳೇ ಅವನ್ನು ಜೋಡಿಸಲು ಹೋದಳು. ಅದನ್ನು ಹೇಳದಿರುವುದೇ ಲೇಸು. ಮೂರನೆಯ ಸಲವೂ ತಪ್ಪಿಸಿದರೆ ಬೇರೆ ಗಂಡು ನೋಡುತ್ತೇವೆಂದು ಇಳಕಲ್ಲಿನವರು ಹೇಳಿಕಳಿಸಿದ್ದರು.

ಕೆರಳಿದನು ಚನ್ನವೀರ. “ಕೇಳ್ರಿ ಅಕ್ಕಾರ, ಎರಡ ದಿನದಾಗ ಇದನ್ನ ಹೆಂಗ್ ಮಾಡತೇನಂದ್ರ, ನೀವು ಕಣ್ಣ ಮುಚ್ಚಿ ನಡಸಬೇಕು. ಇಲ್ಲಾಂದ್ರ ನಾ ಚನ್ನವೀರನ ಅಲ್ಲ.”

“ಕಣ್ಣ ತೆರದ ನಡಸತೀನಪಾ, ನೀ ಮೊದಲ ಮಾಡು,” ಎಂದಳು ನೀಲವ್ವ, ಕನ್ನಡಕ ಒರೆಸುತ್ತ.

ಬಳಿಕ ಆ ಮಹಾರಥಿಯು ಇನ್ನೂರ ಹದಿನಾಲ್ಕು ಚೌಕಗಳ ಅಕ್ಷೌಹಿಣಿಯನ್ನು ಏಕಾಂಗಿಯಾಗಿ ಹೊಕ್ಕು, ಗೆರೆಗಳನ್ನು ನೇರ್ಪಡಿಸಿ, ಒಂದೊಂದು ಕೆಲಸದ ಚೌಕಗಳನ್ನು ಒಂದೊಂದು ಗುಂಪಾಗಿಸಿ, ಚೌಕಟ್ಟು, ಅಡ್ಡ ಸರಳು, ಹೂವಿನ ಬಳ್ಳಿ ಎಂದು ಹೆಸರಿಟ್ಟು, ಯಾರೂ ಕದಲಿಸದಂತೆ ಬೀಗ ಜಡಿದನು. ಏತಕ್ಕೆ ಮಾಡಿದ್ದೆಂದು ತನಗೇ ನೆನಪಿಲ್ಲದ ಹನ್ನೊಂದು ಚೌಕಗಳನ್ನು, ಕರುಳು ಚುರುಕ್ಕೆಂದರೂ, ಅಳಿಸಿದನು. ಹೊರಗುಳಿದವು ಎರಡೇ ಹಳದಿ ಚೌಕ: ಅಗಲ, ಎತ್ತರ. ಕಾರ್ಖಾನೆಯಲ್ಲಿ ಮಿಲಿಮೀಟರನ್ನು ಯಾರೂ ಮೂಸುವುದಿಲ್ಲವೆಂದು ಕೊನೆಗಳಿಗೆಯಲ್ಲಿ ಹೊಳೆದು, ‘ಇಂಚಿನಲ್ಲಿ’ ಎಂದು ಸೇರಿಸಿದನು.

ನೀಲವ್ವನನ್ನು ಕರೆದು ಕೂರಿಸಿದನು. ಅವಳು ನಲವತ್ತೆಂಟು, ಮೂವತ್ತಾರು ಎಂದು ಒತ್ತಿದಳು. ಸರಳುಗಳ ಪಟ್ಟಿ ಒಂದು ನೂಲೂ ತಪ್ಪದೆ ಬಂತು. ಭೇಷ್ ಅಂದಳು. ನಾಲ್ಕು ವರ್ಷಗಳಲ್ಲಿ ಅವಳ ಬಾಯಿಂದ ಆ ಮಾತು ಕೇಳದಿದ್ದ ವೀರನಿಗೆ ಅಳುವೇ ಬಂತು.

ಮರುದಿನ ಬಸ್ಸು ಗಜೇಂದ್ರಗಡ ದಾಟುವಾಗ ಫೋನು ಮೊಳಗಿತು.

“ತಮ್ಮಾ, ಆ ಹಳದಿ ಚೌಕ ಎಲ್ಲೂ ಕಾಣವಲ್ವು. ಬರೇ ಹಳೇ ದಾರದ ಸಿಕ್ಕು ಐತಿ.”

ವೀರನು ತೊಡೆಯ ಮೇಲಿನ ಚೀಲವನ್ನು ತಡಕಿದನು. ಸಮಗ್ರ ದಿಗ್ವಿಜಯವೂ ನಡೆದದ್ದು ಅವನ ಸ್ವಂತ ಲ್ಯಾಪ್‌ಟಾಪಿನಲ್ಲಿ. ನೀಲವ್ವ ಪರೀಕ್ಷಿಸಿದ್ದೂ ಅದರಲ್ಲೇ. ಕೌಂಟರಿನ ಕಂಪ್ಯೂಟರಿಗೆ ಹಾಕಿಕೊಡುವುದನ್ನೇ ಮರೆತು, ಲ್ಯಾಪ್‌ಟಾಪನ್ನು ಹೊಸ ಅಂಗಿಯ ಜೊತೆ ಚೀಲದಲ್ಲಿಟ್ಟುಕೊಂಡು ಬಂದಿದ್ದನು. ಎದ್ದು ನಿಂತು, ಬಸ್ ನಿಲ್ಲಿಸಿರೆಂದು ಕಂಡಕ್ಟರನಿಗೆ ಕೂಗಿದನು.

“ಇಳೀಬ್ಯಾಡ,” ಎಂದಳು ನೀಲವ್ವ. “ಹೆಣ್ಣ ನೋಡಕೊಂಡ ಬಾ. ನಾ ಟೇಪ್ ಹಿಡದ ಚೀಟ್ಯಾಗ ಬರದ ಕೊಡತೀನಿ. ನೀ ಬರೂಕಿಂತ ಮೊದಲ ಇಪ್ಪತ್ತ ವರ್ಷ ಹಂಗ ಕೊಟ್ಟೇನಿ.”

ಕಂಡಕ್ಟರನ ಬೈಗುಳ ಮುಗಿದ ಮೇಲೆ ಚತುಷ್ಕೋಣಚಕ್ರವರ್ತಿಯು ಕೂರಲೆಂದು ತಿರುಗಿದನು. ಅವನ ಸೀಟಿನಲ್ಲಿ ಅಜ್ಜಿಯೊಬ್ಬಳು ಕುಳಿತು ಎಲೆಯಡಿಕೆ ಬಿಚ್ಚಿದ್ದಳು. ಇಳಕಲ್ಲಿನವರೆಗೂ ನಿಂತೇ ಹೋದನು.