ಬೆಳಿಗ್ಗೆ ಸಾಹುಕಾರ, ಮಧ್ಯಾಹ್ನ ಬಡವ

ಯಾವ ಯೋಜನೆಗೆ ಯಾವ ಕಾಗದ ಬೇಕು ಎಂಬ ವಿಷಯದಲ್ಲಿ ನಮ್ಮ ಹೊಸನಗರದ ದೊಡ್ಡ ಅಧಿಕಾರಿಗಳಿಗೂ ಅನುಮಾನ ಬರಬಹುದು, ನನಗೆ ಬರುವುದಿಲ್ಲ. ತಾಲ್ಲೂಕು ಕಚೇರಿ ಎದುರಿಗೆ ನನ್ನ ಜೆರಾಕ್ಸ್ ಅಂಗಡಿ ಇದೆ. ಊರವರ ಅರ್ಜಿಗಳನ್ನೆಲ್ಲ ಕಂಪ್ಯೂಟರಿನಲ್ಲಿ ತುಂಬಿ ಕೊಡುವವನೂ ನಾನೇ. ಹೀಗಿರುವಾಗ ಮಗಳು ಸಿಂಧುವಿಗೆ ಮಂಗಳೂರಿನಲ್ಲಿ ಐದು ವರ್ಷದ ಕಾನೂನು ಕೋರ್ಸಿಗೆ ಸೀಟು ಸಿಕ್ಕಿತು. ತಿಂಗಳ ಕೊನೆಯೊಳಗೆ ಫೀಸು ಕಟ್ಟದಿದ್ದರೆ ಸೀಟು ಬೇರೆಯವರ ಪಾಲು ಎಂದರು. ನಾನು ಹೆದರಲಿಲ್ಲ. ಓದುವುದಷ್ಟೇ ನಿನ್ನ ಕೆಲಸ, ದುಡ್ಡಿನ ವಿಚಾರ ಅಪ್ಪನಿಗೆ ಬಿಡು ಎಂದೆ. ಅನಾಹುತಕ್ಕೆ ಶಂಕುಸ್ಥಾಪನೆ ಆದದ್ದು ಅಲ್ಲೇ!

ಅರ್ಧ ಫೀಸಿಗೆ ಸಾಗರದ ಒಂದು ಬ್ಯಾಂಕಿನಲ್ಲಿ ಶಿಕ್ಷಣ ಸಾಲ ಕೇಳಿದೆ. ಇನ್ನರ್ಧಕ್ಕೆ ತೀರ್ಥಹಳ್ಳಿಯ ಒಂದು ವಿದ್ಯಾನಿಧಿಯ ಸಹಾಯಧನಕ್ಕೆ ಅರ್ಜಿ ಹಾಕಿದೆ. ಇಬ್ಬರೂ ಮನೆ ನೋಡಲು ಬರುತ್ತೇವೆ ಎಂದರು. ಅದೂ ಒಂದೇ ಶನಿವಾರ! ಬ್ಯಾಂಕಿನವರು ಬೆಳಿಗ್ಗೆ, ವಿದ್ಯಾನಿಧಿಯವರು ಮಧ್ಯಾಹ್ನ.

ಬ್ಯಾಂಕು ಇದ್ದವರಿಗೆ ಕೊಡುತ್ತದೆ, ವಿದ್ಯಾನಿಧಿ ಇಲ್ಲದವರಿಗೆ ಕೊಡುತ್ತದೆ. ಇದು ನನ್ನ ದೀರ್ಘಕಾಲದ ಸಂಶೋಧನೆ. ಆದ್ದರಿಂದ ಬೆಳಿಗ್ಗೆ ಸಾಹುಕಾರರಾಗಿರತಕ್ಕದ್ದು, ಮಧ್ಯಾಹ್ನ ಬಡವರಾಗತಕ್ಕದ್ದು ಎಂದು ಮನೆಯಲ್ಲಿ ಆದೇಶ ಹೊರಡಿಸಿದೆ. ಹೆಂಡತಿ ಸುಮತಿ ರೊಟ್ಟಿ ತಟ್ಟುತ್ತಾ, ಇರುವುದನ್ನು ಇರುವ ಹಾಗೆ ತೋರಿಸಿದರೆ ಆಗುವುದಿಲ್ಲವೇ ಎಂದಳು. ಲೋಕ ಕಾಣದ ಹೆಂಗಸು ಎಂದು ಮರುಗಿದೆ.

ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಫ್ರಾನ್ಸಿಸನ ಕಾರು ನಮ್ಮ ಅಂಗಳಕ್ಕೆ ಬಂತು. ಸೋಫಾ, ಟೀವಿ ಒರೆಸಿಟ್ಟೆವು. ಸುಮತಿ ಇದ್ದಬದ್ದ ಒಡವೆ ಹಾಕಿಕೊಂಡಳು. ನಾನು ಮದುವೆಯ ಕೋಟಿನೊಳಗೆ ಹೇಗೋ ತೂರಿಕೊಂಡೆ. ಹತ್ತಾಯಿತು, ಹನ್ನೊಂದಾಯಿತು, ಬ್ಯಾಂಕಿನವರ ಸುಳಿವೇ ಇಲ್ಲ. ಹನ್ನೆರಡಕ್ಕೆ ವಿದ್ಯಾನಿಧಿಯವರ ಫೋನು ಬಂತು. ಕೆಲಸ ಬೇಗ ಮುಗಿಯಿತಂತೆ, ಆಗಲೇ ಕೋಣಂದೂರು ದಾಟಿದ್ದಾರಂತೆ!

ತಕ್ಷಣ ಬಡವರಾಗಬೇಕಾಯಿತು. ಫ್ರಾನ್ಸಿಸ್ ಮತ್ತು ಅವನ ತಮ್ಮ ಸೋಫಾ, ಟೀವಿ, ಮಿಕ್ಸಿಗಳನ್ನು ಹೊತ್ತು ಅವರ ಮನೆಗೆ ಸಾಗಿಸಿದರು. ಕಾರೂ ಹೋಯಿತು. ಒಲೆಯ ಮೇಲಿದ್ದ ಕೋಳಿಸಾರಿನ ಪರಿಮಳ ಬಡತನಕ್ಕೆ ಹೊಂದುವುದಿಲ್ಲವೆಂದು ಪಾತ್ರೆ ಸಮೇತ ಅದನ್ನೂ ಕಳಿಸಿದೆ. ಸುಮತಿಯ ಒಡವೆ ಬಿಚ್ಚಿಸಿದೆ. ನಾನು ಪ್ರಿಂಟರ್ ಒರೆಸುವ ಹರಕು ಬನಿಯನ್ ಹಾಕಿಕೊಂಡೆ. ಇದನ್ನೆಲ್ಲ ಮೂಲೆಯಲ್ಲಿ ಕೂತು ನೋಡುತ್ತಿದ್ದ ಸಿಂಧು ಬಾಯಿ ಬಿಟ್ಟಳು.

"ಅಪ್ಪಾ, ಇದು ವಂಚನೆ ಅಲ್ದಾ?"

"ನೀನಿನ್ನೂ ಲಾ ಕಾಲೇಜಿಗೆ ಸೇರಿಲ್ಲ. ಸುಮ್ನಿರು" ಎಂದೆ.

ವಿದ್ಯಾನಿಧಿಯಿಂದ ಶೇಷಪ್ಪಗೌಡರು ಎಂಬ ಹಿರಿಯರು ಬಂದರು. ಬಿಳಿ ಪಂಚೆ, ಸೌಮ್ಯ ಮುಖ. ಚಾಪೆಯ ಮೇಲೆ ಕೂರಿಸಿ ನನ್ನ ದಾರಿದ್ರ್ಯವನ್ನು ಸವಿಸ್ತಾರವಾಗಿ ವರ್ಣಿಸಿದೆ. ಗೌಡರ ಕಣ್ಣು ಒದ್ದೆಯಾಯಿತು. ನನಗೇ ನನ್ನ ಮೇಲೆ ಕನಿಕರ ಬಂತು. ಎಲ್ಲ ಸುಸೂತ್ರವಾಗಿ ಸಾಗಿತ್ತು.

ಆದರೆ ನಮ್ಮ ಕಡೆಯವರು ಒಂದು ಮನೆಯಲ್ಲಿ ಐದು ನಿಮಿಷ ಕೂತು, ಯಾವ ಊರು, ಯಾರ ಮನೆ ಎಂದು ಕೇಳದೆ ಎದ್ದು ಹೋದದ್ದುಂಟೇ? ನೀರು ತಂದ ಸುಮತಿಯನ್ನು ಗೌಡರು ತವರೂರು ಕೇಳಿದರು. ಅರಳಸುರಳಿ ಎಂದಳು. ಅರಳಸುರಳಿಯಲ್ಲಿ ಯಾರ ಮನೆ ಎಂದರು. ಅವಳು ಹೇಳಿದಳು. ಅಷ್ಟೇ! ಗೌಡರು ಅವಳ ಅಪ್ಪನಿಗೆ ವರಸೆಯಲ್ಲಿ ಅಣ್ಣ ಎಂದು ಸಾಬೀತಾಯಿತು.

ಸುಮತಿಯ ಮುಖ ಕೆಂಪೇರಿತು. ಸರ್ಕಾರದ ಎದುರು ಬೇಕಾದರೆ ಬಡವಳಾದಾಳು, ತವರಿನವರ ಎದುರು ಆಗುತ್ತಾಳೆಯೇ? ಸುಮತಿಯನ್ನು ಕೂರಲು ಕುರ್ಚಿಯೂ ಇಲ್ಲದ ಮನೆಗೆ ಕೊಟ್ಟಿದ್ದಾರೆ ಎಂದು ಸಂಜೆಯೊಳಗೆ ಅರಳಸುರಳಿ ತುಂಬಾ ಸುದ್ದಿಯಾಗುತ್ತದೆ. ಅವಳು ಒಳಗೆ ಹೋದಳು. ಹಿತ್ತಿಲ ಬಾಗಿಲು ತೆಗೆದ ಸದ್ದಾಯಿತು.

ತುಸು ಹೊತ್ತಿಗೆ ಕತ್ತಿನ ತುಂಬಾ ಒಡವೆ ಹಾಕಿಕೊಂಡು ಪ್ರತ್ಯಕ್ಷಳಾದಳು. "ದೊಡ್ಡಪ್ಪಾ, ನೆಲದ ಮೇಲೆ ಎಂತಕ್ಕೆ ಕೂತ್ರಿ? ಏಳಿ, ನಮ್ಮನೇಲಿ ಸೋಫಾ ಇದೆ" ಎಂದಳು. ಅವಳ ಹಿಂದೆಯೇ ಫ್ರಾನ್ಸಿಸ್ ಮತ್ತು ತಮ್ಮನ ಹೆಗಲ ಮೇಲೆ ಸೋಫಾ ಆಗಮಿಸಿತು. ಆಮೇಲೆ ಟೀವಿ. ಆಮೇಲೆ ಕೋಳಿಸಾರು!

ಗೌಡರು ಸೋಫಾ ನೋಡಿದರು, ನನ್ನ ಬನಿಯನ್ ನೋಡಿದರು. ಸೋಫಾ ಪಕ್ಕದ ಮನೆಯದು ಎಂದು ತೊದಲಿದೆ. ಫ್ರಾನ್ಸಿಸ್ ಸತ್ಯವಂತ.

"ಇವ್ರದ್ದೇ ಗೌಡ್ರೆ. ಹೊತ್ತೂ ಹೊತ್ತೂ ನನ್ನ ಸೊಂಟ ಬಿದ್ದೋಯ್ತು" ಎಂದ.

ಮರ್ಯಾದೆಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ನಿಲ್ಲಿಸಲಿಲ್ಲ. ನನ್ನ ಮಾತನ್ನು ನಿಜ ಮಾಡುವ ಆವೇಶದಲ್ಲಿ ಸೋಫಾ ಹಿಡಿದು ಮುಂಬಾಗಿಲಿಂದ ಹೊರಗೆ ಎಳೆದೆ. ಸುಮತಿಯ ಆಜ್ಞೆಯಂತೆ ಫ್ರಾನ್ಸಿಸ್ ಒಳಗೆ ಎಳೆದ. ಸೋಫಾ ಬಾಗಿಲಲ್ಲಿ ಸಿಕ್ಕಿಕೊಂಡಿತು. ಆಗ ಅಂಗಳದಲ್ಲಿ ಒಂದು ಸ್ಕೂಟರ್ ನಿಂತಿತು. ಹೆಲ್ಮೆಟ್ ತೆಗೆದರೆ ಬ್ಯಾಂಕಿನ ಆಫೀಸರಮ್ಮ!

ಆಕೆ ಹರಕು ಬನಿಯನ್ನಿನಲ್ಲಿ ಸೋಫಾಕ್ಕೆ ಜೋತುಬಿದ್ದಿದ್ದ ನನ್ನನ್ನು ನೋಡಿ ಗಾಬರಿಯಾದರು.

"ಸರ್, ಯಾವ ಬ್ಯಾಂಕಿನವ್ರು ಜಪ್ತಿ ಮಾಡ್ತಿದಾರೆ?"

ನಾನು ಎದೆ ಉಬ್ಬಿಸಿ, ಜಪ್ತಿಯೂ ಇಲ್ಲ, ಎಂತದೂ ಇಲ್ಲ, ದೇವರ ದಯೆಯಿಂದ ಬೇಕಾದಷ್ಟಿದೆ, ಹೊಸ ಸೋಫಾ ಈಗಷ್ಟೇ ಬಂತು ಎಂದೆ. ಹಿಂದೆ ಗೌಡರು ಕೆಮ್ಮಿದರು. ಅವರಿಗೆ ನಾನು ಗತಿಗೇಡಿ, ಇವರಿಗೆ ಕುಬೇರ, ಒಬ್ಬರು ನನ್ನ ಹಿಂದೆ, ಒಬ್ಬರು ಮುಂದೆ! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅದಕ್ಕಿಂತ ಹೆಚ್ಚಾಗಿ, ನನ್ನ ಅತಿಬುದ್ಧಿಯಿಂದ ಮಗಳ ಸೀಟು ಹೋಯಿತಲ್ಲ ಎಂದು ಸಂಕಟವಾಯಿತು.

ಆಗ ಸಿಂಧು ಎದ್ದು ಬಂದಳು.

"ನಾವು ಸಾಹುಕಾರ್ರೂ ಅಲ್ಲ, ಬಡವ್ರೂ ಅಲ್ಲ. ಅಪ್ಪನ ಅಂಗಡಿಯಿಂದ ಮನೆ ನಡೀತದೆ, ನನ್ನ ಫೀಸಿಗೆ ಸಾಕಾಗಲ್ಲ, ಅಷ್ಟೇ. ನಾನು ಓದ್ಲಿ ಅಂತ ಅಪ್ಪ ಹೀಗೆಲ್ಲ ಮಾಡಿದ್ರು. ದುಡ್ಡು ಕೊಡದಿದ್ರೆ ಬೇಡ. ಅಪ್ಪನ್ನ ಮೋಸಗಾರ ಅಂತ ಮಾತ್ರ ಬರ್ಕೋಬೇಡಿ."

ನಾನು ತಲೆ ತಗ್ಗಿಸಿದೆ. ಬೆಳಿಗ್ಗೆಯಿಂದ ಆ ಮನೆಯಲ್ಲಿ ಯಾರಾದರೂ ನೆಟ್ಟಗೆ ಮಾತಾಡಿದ್ದರೆ ಅದು ಆಗಲೇ.

ಆಫೀಸರಮ್ಮ ನಕ್ಕುಬಿಟ್ಟರು. ನಾನು ಕೇಳಿದ ಸಾಲಕ್ಕೆ ಅವರು ನೋಡುವುದು ಸೀಟು ಮತ್ತು ಅಂಕಗಳನ್ನಂತೆ, ಸೋಫಾವನ್ನಲ್ಲವಂತೆ. ವಿಳಾಸ ಸರಿಯಿದೆಯೋ ಎಂದು ನೋಡಲು ಬಂದದ್ದಂತೆ! ಗೌಡರೂ ಕೋಳಿಸಾರಿಗೆ ರೊಟ್ಟಿ ಅದ್ದುತ್ತಾ, ಮನೆಯಲ್ಲಿ ಟೀವಿ ಇದ್ದರೆ ಓದುವ ಹುಡುಗಿಗೆ ಸಹಾಯ ಮಾಡಬಾರದು ಎಂದು ನಮ್ಮಲ್ಲಿ ಕಾನೂನಿಲ್ಲ ಎಂದರು. ಕೊನೆಗೆ, ವಕೀಲಳಾಗಿ ಯಾವ ಕೇಸು ನಡೆಸುತ್ತೀಯ ಎಂದು ಸಿಂಧುವನ್ನು ಕೇಳಿದರು.

"ಕ್ರಿಮಿನಲ್ ಕೇಸು, ಅಜ್ಜಾ. ಮನೇಲೇ ಅಭ್ಯಾಸ ಆಗಿದೆ" ಎಂದಳು.

ಸಾಲ ಮಂಜೂರಾಯಿತು, ಸಹಾಯಧನವೂ ಬಂತು, ಸೀಟು ಉಳಿಯಿತು. ವಿದ್ಯಾನಿಧಿಯ ಪತ್ರದ ಕೊನೆಯಲ್ಲಿ ಗೌಡರು ಕೈಯಲ್ಲೇ ಎರಡು ಸಾಲು ಬರೆದಿದ್ದರು: ಚೆಕ್ ಪಡೆಯಲು ವಿದ್ಯಾರ್ಥಿನಿಯು ತಾಯಿಯೊಂದಿಗೆ ಬರತಕ್ಕದ್ದು. ತಂದೆಯವರು ದಯವಿಟ್ಟು ಶ್ರಮ ತೆಗೆದುಕೊಳ್ಳಬಾರದು.

ತೀರ್ಥಹಳ್ಳಿ ಬಸ್ಸಿಗೆ ಇಬ್ಬರನ್ನೂ ಹತ್ತಿಸಲು ಹೋದೆ. ಟಿಕೆಟ್ ತೆಗೆಸಿಕೊಡುತ್ತೇನೆಂದು ನಾನೂ ಬಸ್ಸು ಹತ್ತಿದ್ದೇ ತಡ, ಸುಮತಿ ನನ್ನನ್ನು ಕೆಳಗಿಳಿಸಿದಳು. ಕಂಡಕ್ಟರ್ ಹತ್ತಿರ ಮಾತಾಡುವುದಕ್ಕೂ ನಾನು ಯೋಗ್ಯನಲ್ಲವಂತೆ!